ಡಿಪೋ ಓಣಿಯ ವಿಶ್ವಾಸಾಂಕ

ಈಮೇಲ್ ಹಾರಿ ಬರುತ್ತದೆ ಎಂದು ಜನ ತಿಳಿದಿದ್ದಾರೆ. ಹಾರಿ ಬರುವುದಿಲ್ಲ. ಬಂದು ಬಾಗಿಲು ಬಡಿಯುತ್ತದೆ. ಒಂದು ಯಂತ್ರ ಇನ್ನೊಂದು ಯಂತ್ರದ ಮುಂದೆ ನಿಂತು ಮೊದಲು ತನ್ನ ಹೆಸರು ಹೇಳಬೇಕು. ಯಾರ ಕಡೆಯಿಂದ ಬಂದೆ, ಯಾರಿಗೆ ತಂದೆ ಎಂದು ಒಪ್ಪಿಸಬೇಕು. ಒಳಗಿನದು ಹೂಂ ಅಂದರಷ್ಟೇ ಚೀಲ ಬಿಚ್ಚಿ ಮಾತನ್ನು ಕೊಡಬೇಕು. ಹುಬ್ಬಳ್ಳಿಯ ವಲಯ ಮೇಲ್ ಕೇಂದ್ರದ ಎರಡನೆಯ ಮಹಡಿಯಲ್ಲಿ ನೀಲಗಂಗಾ ಮಾದರ ಈ ಬಾಗಿಲನ್ನು ನೋಡುತ್ತ ಕುಳಿತು ವರ್ಷಗಳೇ ಆಗಿದ್ದವು.

ಬಾಗಿಲಿನ ಉತ್ತರ ಮೂರೇ ಬಗೆ. ಎರಡರಿಂದ ಶುರುವಾಗುವ ಸಂಖ್ಯೆ ಬಂದರೆ, ಒಳಗೆ ಬಾ. ಐದರಿಂದ ಶುರುವಾದರೆ, ಹೋಗು, ತಿರುಗಿ ಬರಬೇಡ. ನಾಲ್ಕರಿಂದ ಶುರುವಾದರೆ, ಆಮೇಲೆ ಬಾ. ಯಾವಾಗ ಎಂದು ಹೇಳುವುದಿಲ್ಲ. ಬಂದ ಯಂತ್ರ ಚೀಲ ಹೊತ್ತುಕೊಂಡೇ ತಿರುಗಿ ಹೋಗಿ, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಬಡಿಯುತ್ತದೆ. ಮತ್ತೆ ನಾಲ್ಕು ಬಿದ್ದರೆ ಅದರ ದುಪ್ಪಟ್ಟು ಕಾಯುತ್ತದೆ. ಹೀಗೆ ಕಾಯುವವರ ಸಾಲು ಗೋಡೆಯ ಮೇಲಿನ ಪರದೆಯಲ್ಲಿ ಹಳದಿ ಚುಕ್ಕೆಗಳಾಗಿ ಕಾಣುತ್ತಿತ್ತು. ಒಳಗೆ ಹೋದವು ಹಸಿರು. ಬಾಗಿಲೇ ಮುಚ್ಚಿದ್ದಕ್ಕೆ ಕೆಂಪು.

ಮೊದಲು ಹೀಗಿರಲಿಲ್ಲ. ಯಂತ್ರಗಳೇ ಮನುಷ್ಯರ ದನಿಯಲ್ಲಿ ಕೋಟಿಗಟ್ಟಲೆ ಸುಳ್ಳು ಈಮೇಲ್ ಬರೆಯತೊಡಗಿದ ಮೇಲೆ ಯಾರ ಮಾತನ್ನೂ ಯಾರೂ ನಂಬದ ಕಾಲ ಒಂದು ಬಂತು. ಆಗ ಸರ್ಕಾರ ಕಾನೂನು ಮಾಡಿತು. ಇನ್ನು ಮುಂದೆ ಪ್ರತಿ ವಾರ್ಡಿಗೆ ಒಂದೇ ಕಳುಹಿಸುವ ಯಂತ್ರ. ಆ ಯಂತ್ರಕ್ಕೊಂದು ವಿಶ್ವಾಸಾಂಕ, ಸೊನ್ನೆಯಿಂದ ನೂರರವರೆಗೆ. ಅಂಕ ಹೆಚ್ಚಿದ್ದವರ ಮಾತು ಬಡಿಯುವ ಮೊದಲೇ ಒಳಗೆ. ಕಡಿಮೆ ಇದ್ದವರ ಮಾತು ಹೊಸಿಲಾಚೆ. ವಿದ್ಯಾನಗರದ ಯಂತ್ರಕ್ಕೆ ತೊಂಬತ್ತೊಂದು. ಡಿಪೋ ಓಣಿಯ ಯಂತ್ರಕ್ಕೆ ಹದಿನಾಲ್ಕು.

ನೀಲಗಂಗಾ ಹುಟ್ಟಿ ಬೆಳೆದದ್ದು ಡಿಪೋ ಓಣಿಯಲ್ಲಿ. ಊರಿನ ಕಸವೆಲ್ಲ ಬಂದು ಬೀಳುವ ಡಿಪೋದ ಗೋಡೆಗೆ ಅಂಟಿಕೊಂಡ ಓಣಿ ಅದು. ಊರಿನ ಗಟಾರ ಬಳಿಯುವವರು, ಕಸದ ಗಾಡಿ ಎಳೆಯುವವರು, ಟಾಂಕಿ ತೊಳೆಯುವವರು ಅಲ್ಲಿಂದಲೇ ಹೊರಡುತ್ತಿದ್ದರು. ಅಂಕ ಹದಿನಾಲ್ಕಕ್ಕೆ ಇಳಿದದ್ದಕ್ಕೂ ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆಯೂ ನೀರು ಬಿಡದಿದ್ದಾಗ ಓಣಿಯ ಮನೆಮನೆಯಿಂದಲೂ ಒಂದೇ ಸಾಲಿನ ಈಮೇಲ್ ಹೋಗಿತ್ತು: 'ನಮಗೂ ನೀರು ಬಿಡ್ರಿ.' ಓಣಿಯ ಓದುಬಳಗ ನಡೆಸುವ ದ್ಯಾಮಣ್ಣನ ಪಾಠ ಅದು. "ಒಬ್ಬನ ಸಹಿ ಹರದು ಬುಟ್ಟಿಗೆ ಹಾಕ್ತಾರ. ಓಣಿ ಸಹಿ ಹರಿಯಾಕ ಅವರ ಕೈ ಸೋಲಬೇಕು" ಅನ್ನುತ್ತಿದ್ದ. ಕಾಗದದ ಕಾಲದಲ್ಲಿ ಅದು ಸರಿ. ಯಂತ್ರಕ್ಕೆ ಮಾತ್ರ ಇನ್ನೂರು ಮನೆಯ ಬಾಯಾರಿಕೆಗೂ ಒಬ್ಬ ಠಕ್ಕ ಇನ್ನೂರು ಸಲ ಹೇಳಿದ ಸುಳ್ಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಒಂದೇ ಮಾತು, ಒಂದೇ ವಿಳಾಸ, ಒಂದೇ ಹೊತ್ತು. ಹುಸಿ ಎಂದು ಬರೆದುಕೊಂಡು ಅಂಕ ಇಳಿಸಿತು.

ಇದು ಹೊರಗೆ ಹೋಗುವ ಮಾತಿನ ಕಥೆ. ಓಣಿಯ ಒಳಗೆ ಬರುವುದಕ್ಕೆ ಯಾವ ತಡೆಯೂ ಇರಲಿಲ್ಲ. ನೋಟೀಸು, ದಂಡ, ಸಾವು ಎಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತಿದ್ದವು. ಅವತ್ತು ಬಂದದ್ದು ಸಾವು.

ನಿಯಂತ್ರಣ ಕೋಣೆಗೆ ಹೋಗುವವರು ತಮ್ಮ ಫೋನನ್ನು ಕೆಳಗಿನ ಕಪಾಟಿನಲ್ಲಿಟ್ಟು ಹೋಗಬೇಕು. ಹಾಗಾಗಿ ತಾಯಿ ಹುಲಿಗೆವ್ವ ಗೇಟಿನ ಫೋನಿಗೆ ಮಾಡಿದ್ದಳು. ಪಹರೆಯವನು ಮೇಲೆ ಬಂದು ಕರೆದ. ನೀಲಗಂಗಾ ಇಳಿದುಹೋಗಿ ರಿಸೀವರ್ ಎತ್ತಿದಾಗ ತಾಯಿ ಅಳುತ್ತಿರಲಿಲ್ಲ.

"ನೀಲಾ, ದವಾಖಾನಿಯಿಂದ ಏನೋ ಮೇಲ್ ಬಂದೈತಿ. ಯಮನೂರನ ಹೆಸರೈತಿ. ಅದರಾಗ 'ಶವ' ಅಂತ ಯಾಕ ಬರದಾರ? ನೀ ಬಂದು ಓದವ್ವಾ. ಇವರಿಗ್ಯಾರಿಗೂ ಸರಿ ಓದಾಕ ಬರವಲ್ದು."

ಅವರಿಗೆಲ್ಲ ಚೆನ್ನಾಗಿಯೇ ಓದಲು ಬರುತ್ತಿತ್ತು. ಯಾರಿಗೂ ಬಾಯಿ ಬಂದಿರಲಿಲ್ಲ, ಅಷ್ಟೇ.

ನೀಲಗಂಗಾಳ ತಮ್ಮ ಯಮನೂರ ದೂರದ ಬಂದರಿನ ಊರಿಗೆ ಹೋಗಿದ್ದ. ಮೀನೆಣ್ಣೆ ಕಾರ್ಖಾನೆಯ ಟಾಂಕಿ ತೊಳೆಯುವ ಕೆಲಸ. ಟಾಂಕಿಗೆ ಇಳಿದವನು ಮೇಲೆ ಬರಲಿಲ್ಲ. ಕಾರ್ಖಾನೆಯವರು ಇವನು ನಮ್ಮವನಲ್ಲ, ಗುತ್ತಿಗೆದಾರನವನು ಅಂದರು. ಗುತ್ತಿಗೆದಾರ ಫೋನೇ ಎತ್ತಲಿಲ್ಲ. ಆಸ್ಪತ್ರೆಯ ಈಮೇಲ್ ಮಾತ್ರ ಬಹಳ ಸ್ಪಷ್ಟವಾಗಿತ್ತು. ಶವಕ್ಕೊಂದು ಸಂಖ್ಯೆ, ಆ ಸಂಖ್ಯೆಗೊಂದು ಈಮೇಲ್ ವಿಳಾಸ. ಮೃತನ ಮನೆಯವರು ತಮ್ಮ ವಾರ್ಡಿನ ಯಂತ್ರದಿಂದಲೇ ಆ ವಿಳಾಸಕ್ಕೆ ಬರೆದು ಇವನು ನಮ್ಮವನೆಂದು ಒಪ್ಪಿಕೊಳ್ಳಬೇಕು. ಮೂರು ದಿನದಲ್ಲಿ ಬರೆಯದಿದ್ದರೆ ವಾರಸುದಾರರಿಲ್ಲವೆಂದು ತಿಳಿದು ವಿದ್ಯುತ್ ಚಿತಾಗಾರಕ್ಕೆ. ಪರಿಹಾರದ ಆಸೆಗೆ ಯಾರ್ಯಾರೋ ಬಂದು ಸುಳ್ಳು ಸಂಬಂಧ ಹೇಳಿ ಹೆಣ ಒಯ್ಯುತ್ತಿದ್ದರಂತೆ. ಅದನ್ನು ತಡೆಯಲು ಈ ನಿಯಮ. ಎಲ್ಲ ನಿಯಮಗಳಿಗೂ ಇಂಥದೊಂದು ಒಳ್ಳೆಯ ಕಾರಣ ಇದ್ದೇ ಇರುತ್ತದೆ.

ಡಿಪೋ ಓಣಿಯವರು ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ನೀಲಗಂಗಾ ಮನೆ ಮುಟ್ಟುವಷ್ಟರಲ್ಲಿ ಗಂಡಸರು ಹಳ್ಳದ ದಂಡೆಗೆ ಸಲಿಕೆ ಹಿಡಿದು ಹೋಗಿಯಾಗಿತ್ತು. ಹೆಣ ಬರುವ ಮೊದಲೇ ಕುಣಿ ತೋಡುವುದು ಅಲ್ಲಿಯ ಪದ್ಧತಿ. ಬಂದವನು ಕಾಯಬಾರದು.

ಅಂಗಳದಲ್ಲಿ ಓಣಿಯೆಲ್ಲ ಕುಳಿತಿತ್ತು. ನೀಲಗಂಗಾ ತಾಯಿಯ ಪಕ್ಕ ಕುಳಿತು ಫೋನು ತೆಗೆದಳು.

"ಏನಂತ ಬರೀಲವ್ವಾ?"

"ಏನಂತ ಬರೀತೀದಿ? ನನ್ ಮಗಾ ಅಂತ ಬರಿ."

'ಯಮನೂರಪ್ಪ ಮಾದರ ನಮ್ಮವನು. ನಮಗೆ ಕೊಡಿ' ಎಂದು ಬರೆದು ತಾಯಿಯ ಹೆಸರು ಹಾಕಿದಳು. ಹುಲಿಗೆವ್ವ ತನ್ನ ಬೆರಳಿನಿಂದಲೇ ಒತ್ತಿದಳು. ಅದು ಓಣಿಯ ಸಮುದಾಯ ಭವನದ ಮೂಲೆಯಲ್ಲಿ ಫ್ಯಾನಿನ ಕೆಳಗಿಟ್ಟ ಯಂತ್ರಕ್ಕೆ ಹೋಯಿತು. ಅಲ್ಲಿಂದ ಕೇಂದ್ರದ ಬಾಗಿಲಿಗೆ ಹೋಯಿತು. ಕೇಂದ್ರ ಉತ್ತರ ಕೊಟ್ಟಿತು. ನಾಲ್ಕು.

"ಏನಂತು?" ಹುಲಿಗೆವ್ವ ಕೇಳಿದಳು.

"ಆಮ್ಯಾಲೆ ಬಾ ಅಂತವ್ವಾ."

ಹುಲಿಗೆವ್ವನ ಮುಖದಲ್ಲಿ ಬೆರಗೇನೂ ಕಾಣಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮಪ್ಪ ಗೌಡರ ವಾಡೇದ ಮುಂದ ಚಪ್ಪಲಿ ಬಗಲಾಗ ಇಟ್ಕೊಂಡು ನಿಂದರ್ತಿದ್ದ. ಗೌಡ ಉಂಡು ಮಲಗಿ ಎದ್ದು ಬರೂತನಕ. ನೀ ಕಲತು ದೊಡ್ಡಾಕಿ ಆಗಿ ಮಷಿನ್ ಕಾಯಾಕ ಹ್ವಾದಿ. ಈಗ ನಮ್ಮ ಮೇಲ್ ನಿಂತೈತಿ ನೋಡು, ಅದ ವಾಡೇದ ಮುಂದ."

"ನಿಲ್ಲಲಿ ಬಿಡಬೇ. ಒಳಗ ತಗೊಂತೈತಿ. ಆದ್ರ ಎಲ್ಲಾರೂ ಕೇಳ್ರಿ." ನೀಲಗಂಗಾ ಎದ್ದು ನಿಂತಳು. "ಇದೊಂದ ಮೇಲ್ ಸಾಕು. ಮತ್ಯಾರೂ ಕಳಸಬ್ಯಾಡ್ರಿ. ಹೋದ ಬ್ಯಾಸಿಗ್ಯಾಗ ಏನಾತು ಗೊತ್ತೈತಲ್ಲ?"

ಎಲ್ಲರೂ ತಲೆಯಾಡಿಸಿದರು. ದ್ಯಾಮಣ್ಣ ಆಗಲೇ ಚೀಲ ಹೆಗಲಿಗೇರಿಸಿದ್ದ. "ನಾ ಅಲ್ಲಿಗೇ ಹೋಗ್ತೀನಿ ತಂಗಿ. ಮೇಲ್ ಮುಟ್ಟೂದರಾಗ ನಾನೂ ಮುಟ್ಟತೀನಿ. ಹುಡುಗನ್ನ ಕರಕೊಂಡ ಬರ್ತೀನಿ" ಎಂದು ಸಂಜೆಯ ರೈಲಿಗೆ ಹೊರಟ. ಅವನು ಹೊರಡುವ ಗಡಿಬಿಡಿಯಲ್ಲಿ ನೀಲಗಂಗಾ ಹೇಳಿದ್ದರ ಅರ್ಧ ಮಾತೂ ಅವನ ಕಿವಿಗೆ ಬಿದ್ದಿರಲಿಲ್ಲ.

ಮರುದಿನ ಅವಳು ಕೆಲಸಕ್ಕೆ ಹೋದಳು. ಮನೆಯಲ್ಲಿ ಸಾವಿಟ್ಟುಕೊಂಡು ಬಂದಳೆಂದು ಜೊತೆಯವರು ಹುಬ್ಬೇರಿಸಿದರು. ಅವಳಿಗೆ ಆ ಪರದೆ ಬೇಕಿತ್ತು. ಓಣಿಯ ಸಾಲಿನಲ್ಲಿ ಒಂದೇ ಒಂದು ಹಳದಿ ಚುಕ್ಕೆ. ಎರಡನೆಯ ಸಲ ಬಡಿದಿತ್ತು. ಮತ್ತೆ ನಾಲ್ಕು ಬಿದ್ದಿತ್ತು.

ಪಾಳಿಯ ಮೇಲ್ವಿಚಾರಕ ವಾದಿರಾಜ ಧಾರವಾಡದವರು. ಯಾರಿಗೂ ಜೋರು ಮಾಡಿದವರಲ್ಲ. ಅವಳನ್ನು ಪಕ್ಕಕ್ಕೆ ಕರೆದು ನೀರು ಕೊಟ್ಟರು.

"ಕೂಡವಾ. ಸುದ್ದಿ ಕೇಳಿದೆ. ರಜಾ ಹಾಕಬೇಕಿತ್ತು ನೀನು."

"ಸರ್, ಒಂದ್ ಮೇಲ್ ಸರ್. ಒಂದ ಒಂದು. ಒಳಗ ಬಿಡ್ರಿ."

"ನನ್ನ ಕೈಯಾಗಿದ್ರ ನೀ ಕೇಳೋತನಕ ಕಾಯ್ತಿದ್ನೇನು? ಕೈಯಿಂದ ತೆರಿಯೋ ಚಾವಿನೇ ಇಟ್ಟಿಲ್ಲ ಇಲ್ಲೆ. ಚಾವಿ ಇದ್ದಲ್ಲೆ ಲಂಚ ಇರ್ತದ ಅಂತ ತಗದ್ರು."

"ನನ್ನ ಆಫೀಸ್ ವಿಳಾಸದಿಂದ ಕಳಿಸಿ ನೋಡಿದೆ. ಐದು ಬಿತ್ತು. ಆ ಮನಿ ಪರವಾಗಿ ಮಾತಾಡಾಕ ಈ ಯಂತ್ರಕ್ಕ ಹಕ್ಕಿಲ್ಲ ಅಂತು."

"ಹೌದು, ಅನ್ನಲೇಬೇಕು. ಇಲ್ಲಾಂದ್ರ ಯಾರ ಹೆಸರಿನ್ಯಾಗ ಯಾರು ಬೇಕಾದ್ರೂ ಬರೀಬಹುದಲ್ಲಾ." ವಾದಿರಾಜ ಅವಳ ಕಡೆ ನೋಡದೆ ಪರದೆಯ ಕಡೆ ನೋಡಿದರು. "ನೋಡು, ಹೆದರಬ್ಯಾಡ. ಮೂರನೇ ಸರ್ತಿ ಬಡದಾಗ ತಾನಾಗೇ ಒಳಗ ತಗೋತದ. ಹುಸಿ ಮೇಲ್ ಕಳಸವರು ಕಾಯೂದಿಲ್ಲ, ಬ್ಯಾರೆ ಬಾಗಿಲಿಗೆ ಓಡ್ತಾರ. ಖರೇ ಇದ್ದವರು ಕಾಯ್ತಾರ. ಯಂತ್ರ ನೋಡೂದು ಇಷ್ಟ. ತಾಳ್ಮಿ."

"ತಾಳ್ಮಿ ನಮಗ ಕಲಸಬೇಕೇನ್ರೀ ಸರ್?"

"ನಿನಗಂದಿಲ್ಲವಾ ನಾ." ಅವರಿಗೆ ನಿಜವಾಗಿಯೂ ನೋವಾಗಿತ್ತು. "ಒಂದ ಸಮಾಧಾನ ಏನಂದ್ರ, ಯಂತ್ರಕ್ಕ ಜಾತಿ ಗೊತ್ತಿಲ್ಲ."

"ಯಂತ್ರಕ್ಕ ಗೊತ್ತಿಲ್ಲ ಸರ್. ವಿಳಾಸಕ್ಕ ಗೊತ್ತೈತಿ."

ವಾದಿರಾಜ ಕನ್ನಡಕ ತೆಗೆದು ಒರೆಸಿದರು. ಇಂಥ ಒಳ್ಳೆಯವರ ಎದುರು ಯಾವ ಬಾಗಿಲನ್ನು ಒದೆಯಬೇಕೆಂದು ನೀಲಗಂಗಾಳಿಗೆ ತಿಳಿಯಲಿಲ್ಲ. ಬೈಯುವವನಿದ್ದರೆ ತಿರುಗಿ ಬೈಯಬಹುದು. ಇಲ್ಲಿ ಎಲ್ಲರ ಕೈಯೂ ಖಾಲಿ, ಎಲ್ಲರ ಮುಖದಲ್ಲೂ ಮರುಕ. ಕೆಲಸ ಮಾತ್ರ ತನ್ನಷ್ಟಕ್ಕೆ ನಡೆಯುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಎರಡರ ಸುಮಾರಿಗೆ ಆ ಚುಕ್ಕೆ ಮತ್ತೆ ಬಡಿಯಬೇಕಿತ್ತು. ಆಸ್ಪತ್ರೆ ಕೊಟ್ಟ ಗಡುವು ಅವತ್ತು ಸಂಜೆಯವರೆಗೆ. ನೀಲಗಂಗಾ ಬೆಳಗಿನಿಂದ ಒಂದು ಗುಟುಕು ಚಹಾ ಕೂಡ ಕುಡಿಯದೆ ಪರದೆ ನೋಡುತ್ತ ಕುಳಿತಳು. ಮಾಡುವುದು ಏನೂ ಉಳಿದಿರಲಿಲ್ಲ. ಏನನ್ನೂ ಮಾಡದೆ ಇರುವುದೇ ಮಾಡಬೇಕಾದ ಕೆಲಸವಾಗಿತ್ತು.

ಅವತ್ತು ಹನ್ನೆರಡರ ಹೊತ್ತಿಗೆ ಬಂದರಿನ ಊರಿನಲ್ಲಿ ದ್ಯಾಮಣ್ಣ ಆಸ್ಪತ್ರೆಯ ಶವಾಗಾರದ ಗೇಟಿನ ಹೊರಗೆ ನಿಂತಿದ್ದ. ನಿಂತು ಎರಡನೆಯ ದಿನ. ಒಳಗಿನವನು ಪ್ರತಿ ಸಲವೂ ಕಂಪ್ಯೂಟರ್ ನೋಡಿ "ಮೇಲ್ ಬರ್ಲಿಲ್ಲ ಮಾರಾಯ್ರೆ, ಬಂದ್ರೆ ಕರೀತೇನೆ" ಅನ್ನುತ್ತಿದ್ದ. ಕಡೆಗೆ "ನಿಮ್ಮವರು ಕಳಿಸಿದ್ದಾರಾ ಇಲ್ವಾ ಸರಿ ಕೇಳಿ ನೋಡಿ" ಅಂದ. ದ್ಯಾಮಣ್ಣ ಓಣಿಗೆ ಫೋನು ಹಚ್ಚಿದ. ಹುಲಿಗೆವ್ವ ಅಂಗಳದ ನಡುವೆ ಫೋನಿಟ್ಟು ಧ್ವನಿ ದೊಡ್ಡದು ಮಾಡಿಸಿದಳು.

"ಒಂದ ಮೇಲ್ ಅಂದ್ರ ಇವರಿಗೆ ಕಾಣಸವಲ್ದು ಯಕ್ಕಾ" ಅಂದ ದ್ಯಾಮಣ್ಣ. ಎರಡು ದಿನದ ಹಸಿವು, ಅಳು ಅವನ ದನಿಯಲ್ಲಿ ಕೂಡಿಕೊಂಡಿತ್ತು. "ವಾರಸುದಾರ ಇಲ್ಲ ಅಂತಾನ ಒಳಗಿನಾಂವ. ನಮ್ಮ ಹುಡುಗಗ ವಾರಸುದಾರ ಇಲ್ಲಂತ! ಒಂದ ಓಣಿ ಜನಾ ಅದೀವಿ ಅಂತ ತೋರಸ್ರಿ ಅವರಿಗೆ."

"ನೀಲಾ ಬ್ಯಾಡ ಅಂದಾಳಲ್ಲೋ ದ್ಯಾಮಾ" ಎಂದಳು ಯಾರೋ ಹೆಂಗಸು.

"ನೀಲಾಗ ಕೇಳ್ರಿ ಹಂಗಾರ!"

ಕೇಳಿದರು. ನೀಲಗಂಗಾಳ ಫೋನು ಕೇಂದ್ರದ ಕಪಾಟಿನಲ್ಲಿ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಗೇಟಿನ ಫೋನು ಎತ್ತಿದ ಬೇರೆ ಪಹರೆಯವನು ಪಾಳಿ ಮುಗಿದ ಮೇಲೆ ಹೇಳುತ್ತೇನೆ ಅಂದ.

ಓಣಿಯಲ್ಲಿ ಯಾರಾದರೂ ಸತ್ತರೆ ಮನೆಗೊಬ್ಬರು ಹೋಗಿ ಹಿಡಿ ಮಣ್ಣು ಹಾಕಬೇಕು. ಜಗಳವಾಡಿ ಮಾತು ಬಿಟ್ಟವರೂ ಹಾಕಬೇಕು. ಹಾಕದ ಮನೆಯನ್ನು ಓಣಿ ಮರೆಯುವುದಿಲ್ಲ. ಹಾಗಿರುವಾಗ ನಾನು ಬರೆಯುವುದಿಲ್ಲ ಎಂದು ಹೇಳುವವರು ಯಾರು? ಹುಲಿಗೆವ್ವನ ಈಮೇಲನ್ನೇ ನೋಡಿ ಒಬ್ಬೊಬ್ಬರೂ ಬರೆದರು. 'ಯಮನೂರಪ್ಪ ಮಾದರ ನಮ್ಮವನು. ನಮಗೆ ಕೊಡಿ.' ಅಕ್ಷರ ಬಾರದ ಮುದುಕಿಯರು ಮೊಮ್ಮಕ್ಕಳ ಕೈಯಿಂದ ಬರೆಸಿದರು. ಕುಣಿ ತೋಡಿದ್ದ ಗಂಡಸರು ಮಣ್ಣು ಮೆತ್ತಿದ ಬೆರಳಲ್ಲಿ ಬರೆದರು. ಯಮನೂರನ ಜೊತೆ ಹೋದ ಹಬ್ಬದಲ್ಲಿ ಹೊಡೆದಾಡಿದ್ದ ಕೆಂಚಪ್ಪನೂ ಬರೆದ.

ಕೇಂದ್ರದಲ್ಲಿ ನೀಲಗಂಗಾ ನೋಡುತ್ತಿದ್ದಳು. ಒಂದು ಚುಕ್ಕೆಯ ಪಕ್ಕ ಇನ್ನೊಂದು ಚುಕ್ಕೆ ಹುಟ್ಟಿತು. ಮೂರಾಯಿತು. ಆಮೇಲೆ ಸಾಲು ಪರದೆಯ ಈ ತುದಿಯಿಂದ ಆ ತುದಿಗೆ ಜೋಳದ ತೆನೆಯ ಹಾಗೆ ಹಳದಿಯಾಗಿ ತುಂಬಿಕೊಂಡಿತು. ಅವಳಿಗೆ ಒಳಗಿನ ಮಾತು ಕಾಣುವುದಿಲ್ಲ. ಲಕೋಟೆಯ ಮೇಲಿನ ಹೆಸರು ಮಾತ್ರ ಕಾಣುತ್ತದೆ. ಫಕೀರವ್ವ. ಕರಿಯಪ್ಪ. ದುರುಗವ್ವ. ಕೆಂಚಪ್ಪ. ಎಲ್ಲ ಗುರುತಿನ ಹೆಸರು. ಹೆಗಲಿಗೆ ಹೆಗಲು ಹಚ್ಚಿ ಬಾಗಿಲಲ್ಲಿ ನಿಂತಿದ್ದಾರೆ.

"ಬ್ಯಾಡ್ರೋ" ಎಂದಳು ಪರದೆಗೆ. "ಬ್ಯಾಡ್ರವ್ವಾ, ಹಿಂದ ಸರೀರಿ."

ಕುರ್ಚಿ ಬಿದ್ದದ್ದೂ ತಿಳಿಯದೆ ಮೆಟ್ಟಿಲಿಳಿದು ಓಡಿದಳು. ಕಪಾಟು ತೆಗೆದು ಫೋನು ಹಚ್ಚಿದಳು.

"ಯವ್ವಾ! ಕಳಸಬ್ಯಾಡ್ರಿ ಅನ್ನು, ನಿಲ್ಲಸು, ಎಲ್ಲಾರ್ನೂ ನಿಲ್ಲಸು!"

ಹುಲಿಗೆವ್ವನ ದನಿಯಲ್ಲಿ ಮೂರು ದಿನದಲ್ಲಿ ಮೊದಲ ಬಾರಿಗೆ ಜೀವ ಬಂದಿತ್ತು. "ಎಲ್ಲಾರೂ ಕಳಸ್ಯಾರವ್ವಾ. ಒಂದ್ ಮನಿ ಬಿಟ್ಟಿಲ್ಲ. ಆ ಕೆಂಚ್ಯಾ ಸೈತ ಕಳಸ್ಯಾನ. ನನ್ ಮಗಗ ಯಾರೂ ಇಲ್ಲ ಅಂದ್ರಂತ. ಈಗ ಅನ್ನಲಿ ನೋಡೋಣು!"

ನೀಲಗಂಗಾ ಫೋನನ್ನು ಮತ್ತೆ ಕಪಾಟಿನಲ್ಲಿಟ್ಟಳು. ಹೇಳಬಹುದಾದ ಮಾತು ಯಾವುದು? ನಿನ್ನ ಮಗನನ್ನು ನಮ್ಮವನು ಎಂದು ಅಷ್ಟೊಂದು ಜನ ಹೇಳಬಾರದಿತ್ತು ಎನ್ನುವುದೇ?

ಅವಳು ಮೇಲೆ ಬಂದಾಗ ಸಾಲು ಕೆಂಪಾಗಿತ್ತು. ಡಿಪೋ ಓಣಿಯ ಯಂತ್ರ ಬಡಿದರೂ ಈಗ ಉತ್ತರವಿಲ್ಲ, ನಾಲ್ಕೂ ಇಲ್ಲ, ಐದೂ ಇಲ್ಲ. ಹೆಸರು ಹೇಳಿಕೊಳ್ಳಲೂ ಬಿಡದೆ ಬಾಗಿಲು ಕದ ಹಾಕಿಕೊಂಡಿತ್ತು, ಒಂದು ಹಗಲು ಒಂದು ರಾತ್ರಿಗೆ. ಎರಡು ಗಂಟೆಯ ಸುಮಾರಿಗೆ ಹುಲಿಗೆವ್ವನ ಮೊದಲ ಚುಕ್ಕೆ ತನ್ನ ಸರದಿಗೆ ಸರಿಯಾಗಿ ಮೂರನೆಯ ಸಲ ಬಂದಿತು. ಎಲ್ಲ ಸರಿ ಇದ್ದಿದ್ದರೆ ಒಳಗೆ ಹೋಗುತ್ತಿದ್ದ ಸಲ ಅದು. ಕೆಂಪು ಕದಕ್ಕೆ ತಾಗಿ, ಯಾರೂ ಮಾತಾಡಿಸದೆ, ತಿರುಗಿ ಹೋಗಿ ಓಣಿಯವರ ನಡುವೆ ನಿಂತಿತು.

ವಾದಿರಾಜ ಬಂದು ಅವಳ ಬಿದ್ದ ಕುರ್ಚಿ ಎತ್ತಿಟ್ಟರು. "ಅಯ್ಯ, ಒಂದೆರಡು ತಾಸು ತಡದಿದ್ರ..." ಅಂದರು.

ಸಂಜೆ ದ್ಯಾಮಣ್ಣನ ಫೋನು ಬಂತು. ಹಿಂದಿನ ಬಾಗಿಲಿನಿಂದ ಗಾಡಿ ಹೋಯಿತು ಅಂದ. ಗಾಡಿಯ ಹಿಂದೆ ಓಡಿದೆ ಅಂದ. ಚಿತಾಗಾರದ ಗೇಟಿನಲ್ಲಿಯೂ ಒಬ್ಬ ಕಂಪ್ಯೂಟರ್ ನೋಡಿ ನೀವು ಯಾರು ಎಂದು ಕೇಳಿದ ಅಂದ. ಅವನ ಹಿಂದೆ ಸಮುದ್ರದ ಕಾಗೆಗಳು ಕೂಗುವುದು ಅಂಗಳದಲ್ಲಿ ಕುಳಿತ ಎಲ್ಲರಿಗೂ ಕೇಳಿಸಿತು.

ಮರುದಿನ ಹೊತ್ತು ಇಳಿಯುವಾಗ ಕದ ತೆರೆಯಿತು. ಕೆಂಪು ಹೋಗಿ, ಅಷ್ಟೂ ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಯಂತ್ರಕ್ಕೆ ಅವರ ತಾಳ್ಮೆಯ ಮೇಲೆ ಈಗ ನಂಬಿಕೆ ಬಂದಿತ್ತು. ಕೇಂದ್ರ ಒಂದೊಂದು ಈಮೇಲನ್ನೂ ಬಂದರಿನ ಆಸ್ಪತ್ರೆಗೆ ಒಯ್ದು ಕೊಟ್ಟಿತು. ಆಸ್ಪತ್ರೆಯ ಯಂತ್ರ ಅದು ಯಾರಿಗೆಂದು ನೋಡಿತು. ಶವದ ಸಂಖ್ಯೆ ಮುಗಿದಿತ್ತು. ಸಂಖ್ಯೆಯ ಜೊತೆ ಅದರ ವಿಳಾಸವೂ ಅಳಿಸಿಹೋಗಿತ್ತು. ತಲುಪದ ಮಾತನ್ನು ಕಳುಹಿಸಿದವರಿಗೆ ತಪ್ಪದೆ ತಿಳಿಸಬೇಕು ಎಂಬುದು ಮೇಲ್ ಯಂತ್ರಗಳ ಹಳೆಯ ಧರ್ಮ. ಅದನ್ನು ಅವು ಪಾಲಿಸಿದವು.

ನೀಲಗಂಗಾ ಅವತ್ತು ಮನೆಯಲ್ಲಿದ್ದಳು. ಮೊದಲು ಹುಲಿಗೆವ್ವನ ಫೋನು ಟಣ್ ಅಂತು. ಆಮೇಲೆ ಪಕ್ಕದ ಮನೆಯದು. ಆಚೆ ಮನೆಯದು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದರ ಹಿಂದೆ ಒಂದು, ಸಂಜೆಗೆ ದನ ಮನೆಗೆ ಬರುವಾಗಿನ ಗಂಟೆಗಳಂತೆ ಫೋನುಗಳು ಸದ್ದು ಮಾಡುತ್ತಾ ಹೋದವು. ಜನ ಬಾಗಿಲಿಗೆ ಬಂದರು. ಎಲ್ಲರ ಕೈಯಲ್ಲೂ ಅದೇ ಬೆಳಕು.

"ಬಂತೇನವ್ವಾ ಉತ್ತರ?" ಹುಲಿಗೆವ್ವ ಫೋನು ಚಾಚಿದಳು. "ಏನಂತ ಬರದಾರ, ಓದು."

ಓದದೆ ಇರಬಹುದಿತ್ತು. ಆದರೆ ಇಡೀ ಓಣಿ ಓದುತ್ತಿತ್ತು.

"ಈ ವಿಳಾಸದಲ್ಲಿ ಯಾರೂ ಇಲ್ಲ" ಎಂದು ಓದಿದಳು ನೀಲಗಂಗಾ. "ಮತ್ತೆ ಪ್ರಯತ್ನಿಸಬೇಡಿ."

"ಯಾರೂ ಇಲ್ಲಂತ?"

"ಹೂಂನವ್ವಾ."

"ಹಂಗಾರ ನಾ ಹಡದದ್ದು ಯಾರನ್ನ?"

ದೂರದಲ್ಲಿ ಯಾರದೋ ಮನೆಯಲ್ಲಿ ಕೊನೆಯ ಫೋನು ಟಣ್ ಅಂದಿತು.

ಹಳ್ಳದ ದಂಡೆಯ ಕುಣಿ ಹಾಗೇ ಉಳಿಯಿತು. ತೋಡಿದ್ದನ್ನು ಬರಿದೆ ಮುಚ್ಚಿದರೆ ಅದು ಓಣಿಯಿಂದ ಇನ್ನೊಬ್ಬರನ್ನು ಕೇಳುತ್ತದೆ ಎಂದು ಹಿರಿಯರು ಸಲಿಕೆ ಮುಟ್ಟಲು ಬಿಡಲಿಲ್ಲ. ಬಂದರಿನಿಂದ ಬರಿಗೈಯಲ್ಲಿ ಬಂದ ದ್ಯಾಮಣ್ಣ ಓದುಬಳಗದ ಕೋಣೆಗೆ ಚಿಲಕ ಹಾಕಿದವನು ತೆಗೆಯಲಿಲ್ಲ. ನೀಲಗಂಗಾ ಹೋಗಿ, "ಕಾಕಾ, ತಪ್ಪು ನಿಂದಲ್ಲ" ಅಂದರೆ, "ಮತ್ಯಾರದವ್ವಾ? ಒಬ್ಬರ ಹೆಸರರ ಹೇಳು, ಹೋಗಿ ಕೇಳತೀನಿ" ಅಂದ. ಅವಳು ಯೋಚಿಸಿದಳು. ಚಾವಿ ತೆಗೆದವರು ಲಂಚ ಬೇಡವೆಂದು ತೆಗೆದರು. ನಿಯಮ ಮಾಡಿದವರು ಕಳ್ಳರನ್ನು ತಡೆಯಲು ಮಾಡಿದರು. ಯಂತ್ರ ತನಗೆ ಹೇಳಿದ್ದನ್ನು ಮಾಡಿತು. ವಾದಿರಾಜರು ನೀರು ಕೊಟ್ಟರು. ಕೊಲೆ ಪೂರ್ತಿ ನಡೆದಿತ್ತು, ಕೊಲೆಗಾರನ ಜಾಗ ಖಾಲಿ ಇತ್ತು. ಹೆಸರು ಹೇಳಲಾಗದೆ ಎದ್ದು ಬಂದಳು.

ದಿನಕರ್ಮ ಮುಗಿಯುವವರೆಗೆ ಓಣಿಯಲ್ಲಿ ಯಾರೂ ಯಾರಿಗೂ ಏನೂ ಬರೆಯಲಿಲ್ಲ. ನೀರು ಬರಲಿಲ್ಲ, ಬರೆಯಲಿಲ್ಲ. ಡಿಪೋದ ಕಸಕ್ಕೆ ಬೆಂಕಿ ಬಿದ್ದು ಹೊಗೆ ಮನೆಯೊಳಗೆ ಬಂತು, ಬರೆಯಲಿಲ್ಲ. ಸಮುದಾಯ ಭವನದ ಮೂಲೆಯ ಯಂತ್ರ ಫ್ಯಾನಿನ ಕೆಳಗೆ ಸುಮ್ಮನೆ ಕುಳಿತಿತ್ತು. ಹುಲಿಗೆವ್ವ ಸಂಜೆ ಹಳ್ಳದ ದಂಡೆಗೆ ಹೋಗಿ ಕುಣಿಯ ಅಂಚಿಗೆ ಕುಳಿತು, ಒಳಗೆ ಉದುರಿದ ಎಲೆಗಳನ್ನು ಆರಿಸಿ ತೆಗೆದು ಬರುತ್ತಿದ್ದಳು.

ನೀಲಗಂಗಾ ಕೆಲಸಕ್ಕೆ ಮರಳಿದ ಬೆಳಿಗ್ಗೆ ವಾದಿರಾಜ ಅವಳಿಗಾಗಿಯೇ ಕಾಯುತ್ತಿದ್ದವರಂತೆ ಎದುರು ಬಂದರು. ಅವರ ಮುಖದಲ್ಲಿ, ದುಃಖದ ಮನೆಯವರಿಗೆ ಏನಾದರೊಂದು ಒಳ್ಳೆಯ ಸುದ್ದಿ ಹೇಳಬೇಕೆಂದು ಹುಡುಕಿ ತಂದವರ ಸಂತೋಷವಿತ್ತು.

"ಇಲ್ಲೆ ನೋಡವಾ ನೀಲಗಂಗಾ. ನಿಮ್ಮ ಓಣಿದು. ಹೋದ ಬ್ಯಾಸಿಗಿಂದ ಇದ ಮೊದಲ ಸರ್ತಿ ಏರ್ಯದ ನೋಡು!"

ಪರದೆಯ ಮೇಲೆ ಡಿಪೋ ಓಣಿಯ ಸಾಲು ಖಾಲಿ ಇತ್ತು. ಹಳದಿ ಇಲ್ಲ, ಕೆಂಪಿಲ್ಲ, ಹಸಿರೂ ಇಲ್ಲ. ಅದರ ತುದಿಯಲ್ಲಿ ವಿಶ್ವಾಸಾಂಕ ಇಪ್ಪತ್ತೆರಡು. ಪಕ್ಕದಲ್ಲಿ ಯಂತ್ರ ತಾನಾಗಿ ಬರೆದ ಸಣ್ಣ ಅಕ್ಷರದ ಷರಾ:

'ವರ್ತನೆ ಸುಧಾರಿಸಿದೆ.'